ಬೇಕಲ ಕೋಟೆಯ ವಿಕಿಪೀಡಿಯ ಲೇಖನ: ‘ಎಲ್ಲಾ ಸರಿಯಿದೆ’ ಅನಿಸಿದಾಗ ಎಲ್ಲಿಂದ ಶುರು ಮಾಡುವುದು?

ಪ್ರಶ್ನೆ: ನಾನು ಬಿ.ಎ. ಎರಡನೇ ವರ್ಷದಲ್ಲಿ ಇತಿಹಾಸ ಓದುತ್ತಿದ್ದೇನೆ. ಕರಾವಳಿಯ ಒಂದು ಕೋಟೆಯನ್ನು ಆರಿಸಿಕೊಂಡು, ಅದರ ಬಗ್ಗೆ ವಿಕಿಪೀಡಿಯದಲ್ಲಿರುವ ಲೇಖನವನ್ನು ಮೌಲ್ಯಮಾಪನ ಮಾಡಿ ಬರೆಯಿರಿ ಎಂದು ಕಾಲೇಜಿನಲ್ಲಿ ಹೇಳಿದ್ದಾರೆ. ನಾನು ಬೇಕಲ ಕೋಟೆ ತೆಗೆದುಕೊಂಡೆ. ಕನ್ನಡದ್ದೂ ಇಂಗ್ಲಿಷಿನದ್ದೂ ಓದಿ, ಜೊತೆಗೆ ಒಂದೆರಡು ಪ್ರವಾಸಿ ಪುಟಗಳನ್ನೂ ನೋಡಿ ಟಿಪ್ಪಣಿ ಮಾಡಿಕೊಂಡಿದ್ದೇನೆ. ಅದರಲ್ಲಿರುವುದು ಇಷ್ಟು: ‘1650ರಲ್ಲಿ ಕೆಳದಿಯ ಶಿವಪ್ಪ ನಾಯಕ ಕಟ್ಟಿಸಿದ. 40 ಎಕರೆ. ಕೇರಳದ ಅತಿ ದೊಡ್ಡ ಕೋಟೆ. ಆಡಳಿತ ಕೇಂದ್ರ ಆಗಿರಲಿಲ್ಲ, ಒಳಗೆ ಅರಮನೆ ಇಲ್ಲ. ನಂತರ ಹೈದರ್, ಟಿಪ್ಪು, ಬ್ರಿಟಿಷರು.’ ಲೇಖನದ ಕೆಳಗೆ ಉಲ್ಲೇಖಗಳೂ ಇವೆ. ಎಲ್ಲಾ ಸರಿಯಾಗಿಯೇ ಇದೆ ಅನಿಸುತ್ತದೆ. ತಪ್ಪೇ ಕಾಣದಿದ್ದರೆ ಏನು ಬರೆಯುವುದು? ತಪ್ಪು ಸಿಕ್ಕರೆ ನಾನೇ ತಿದ್ದಬಹುದೇ?

ಉತ್ತರ: ನಿಮ್ಮ ಟಿಪ್ಪಣಿಯಲ್ಲೇ ಬರೆಯಲು ಬೇಕಾದಷ್ಟು ವಿಷಯ ಇದೆ. ನೀವು ಅದನ್ನು ಸರಿ-ತಪ್ಪು ಎಂದು ಓದಿದ್ದೀರಿ, ಹಾಗಾಗಿ ಕಣ್ಣಿಗೆ ಬಿದ್ದಿಲ್ಲ ಅಷ್ಟೇ. ಒಂದೊಂದು ಸಾಲಿಗೂ ಬೇರೆ ಪ್ರಶ್ನೆ ಕೇಳಿ ನೋಡಿ: ಇದು ಯಾರಿಗೆ ಗೊತ್ತಿತ್ತು? ಅವರು ಯಾವಾಗ ಬರೆದರು? ಅಲ್ಲಿಂದ ಈ ಲೇಖನಕ್ಕೆ ಹೇಗೆ ಬಂತು? ಈ ಮೂರಕ್ಕೆ ಉತ್ತರ ಹುಡುಕಲು ಹೊರಟರೆ ‘1650’ ಎಂಬ ಒಂದೇ ಅಂಕಿ ನಿಮಗೆ ಎರಡು ಪುಟ ಬರೆಸುತ್ತದೆ.

ಮೊದಲು ಒಂದು ಸಣ್ಣ ಕೆಲಸ ಮುಗಿಸಿಬಿಡಿ. ವಿಕಿಪೀಡಿಯದ ಲೇಖನ ಯಾವಾಗ ಬೇಕಾದರೂ ಬದಲಾಗಬಹುದು. ನೀವು ಸೋಮವಾರ ಓದಿದ್ದು ಗುರುವಾರ ಇಲ್ಲದಿರಬಹುದು. ಪುಟದ ಮೇಲೆ ‘ಇತಿಹಾಸ’ ಅಂತ ಇರುತ್ತದೆ, ಅದನ್ನು ಒತ್ತಿದರೆ ಹಳೆಯ ಆವೃತ್ತಿಗಳೆಲ್ಲ ಸಾಲಾಗಿ ಬರುತ್ತವೆ. ನೀವು ಓದಿದ ಆವೃತ್ತಿಯ ದಿನಾಂಕ ಒತ್ತಿ, ಅದರ ಕೊಂಡಿಯನ್ನು ಬರೆದಿಟ್ಟುಕೊಳ್ಳಿ. ‘ನಾನು ಮೌಲ್ಯಮಾಪನ ಮಾಡಿದ್ದು ಇಂಥ ದಿನದ ಆವೃತ್ತಿ’ ಎಂದು ವರದಿಯ ಮೊದಲಲ್ಲೇ ಹೇಳಿ. ಆಮೇಲೆ ಯಾರಾದರೂ ಲೇಖನವನ್ನು ಅಡಿಮೇಲು ಮಾಡಿದರೂ ನಿಮ್ಮ ವರದಿಗೆ ಧಕ್ಕೆ ಇಲ್ಲ.

ಈಗ 1650ಕ್ಕೆ ಬರೋಣ. ಶಿವಪ್ಪ ನಾಯಕ ಆಳಿದ್ದು 1645ರಿಂದ 1660ರವರೆಗೆ. ಹಾಗಾಗಿ 1650 ಲೆಕ್ಕಕ್ಕೆ ಕೂರುತ್ತದೆ. ಆದರೆ ಕೆಲವು ಕಡೆ ‘1650ರಿಂದ 1670ರ ಒಳಗೆ ಶಿವಪ್ಪ ನಾಯಕ ಕಟ್ಟಿಸಿದ’ ಎಂಬ ಸಾಲೂ ನಿಮಗೆ ಎದುರಾಗಬಹುದು. ಅಲ್ಲಿ ಸುಮ್ನೆ ಒಂದು ಕಳೆಯುವ ಲೆಕ್ಕ ಮಾಡಿ. ಶಿವಪ್ಪ 1660ರಲ್ಲಿ ತೀರಿಕೊಂಡ. ಉಳಿದ ಹತ್ತು ವರ್ಷ ಕಟ್ಟಿಸಿದ್ದು ಯಾರು? ಒಂದೋ ವರ್ಷ ಅಂದಾಜಿನದ್ದು, ಇಲ್ಲವೇ ಹೆಸರು ಅಂದಾಜಿನದ್ದು. ಅವನ ನಂತರ ಗದ್ದುಗೆ ಏರಿದವರ ಕಾಲದಲ್ಲೂ, ಅಂದರೆ ಮಗ ಸೋಮಶೇಖರ ನಾಯಕನವರೆಗೂ, ಕೆಲಸ ನಡೆದಿರಬಹುದಲ್ವಾ? ಪುಸ್ತಕ ತೆರೆಯದೆಯೇ ಇಂಥ ಬಿರುಕು ಸಿಗುತ್ತದೆ. ರಾಜರ ಆಳ್ವಿಕೆಯ ವರ್ಷಗಳನ್ನು ಪಕ್ಕದಲ್ಲಿ ಇಟ್ಟುಕೊಂಡು ಓದುವ ಅಭ್ಯಾಸ ಮಾಡಿಕೊಳ್ಳಿ, ತುಂಬ ಉಪಯೋಗಕ್ಕೆ ಬರುತ್ತದೆ.

ಇನ್ನು 1650 ಎಂಬ, ಸೊನ್ನೆಯಲ್ಲಿ ಮುಗಿಯುವ ಗುಂಡಗಿನ ಅಂಕಿ. ಕೋಟೆ ಕಟ್ಟಿದ ವರ್ಷ ಯಾರಿಗಾದರೂ ಖಚಿತವಾಗಿ ಗೊತ್ತಾಗಬೇಕಾದರೆ ದಾರಿಗಳು ಕೆಲವೇ. ಒಂದು, ಕೋಟೆಯಲ್ಲೋ ಹತ್ತಿರದ ದೇವಸ್ಥಾನದಲ್ಲೋ ಶಾಸನ ಇರಬೇಕು. ಲೇಖನ ಅಂಥ ಶಾಸನವನ್ನು ತೋರಿಸುತ್ತಿದೆಯಾ ನೋಡಿ. ತೋರಿಸುತ್ತಿಲ್ಲ ಎಂದರೆ ಅದನ್ನೇ ಬರೆದುಕೊಳ್ಳಿ.

ಎರಡನೆಯ ದಾರಿ ಆಸ್ಥಾನದ ಬರವಣಿಗೆ. ಕೆಳದಿಯ ವಿಷಯದಲ್ಲಿ ನಾವು ಅದೃಷ್ಟವಂತರು. ಲಿಂಗಣ್ಣ ಕವಿಯ ‘ಕೆಳದಿನೃಪವಿಜಯ’ ಇದೆ. ಅದು ಕನ್ನಡದ್ದೇ ಚಂಪೂ ಕಾವ್ಯ, ಕೆಳದಿ ಅರಸರ ಕಥೆಯನ್ನು ಮೊದಲಿನಿಂದ ಹೇಳುತ್ತದೆ. ‘ಶಿವತತ್ತ್ವರತ್ನಾಕರ’ವೂ ಇದೆ. ಇದನ್ನು 1709ರ ಸುಮಾರಿಗೆ ಬರೆದವನು ಸ್ವತಃ ಕೆಳದಿಯ ರಾಜ ಬಸಪ್ಪ ನಾಯಕ, ಶಿವಪ್ಪನ ಸೊಸೆ ಚೆನ್ನಮ್ಮನ ದತ್ತುಮಗ. ಸಂಸ್ಕೃತದ ಈ ಗ್ರಂಥ ಸಂಗೀತ, ವೈದ್ಯ, ಅಡುಗೆ, ರಾಜನೀತಿ ಎಲ್ಲವನ್ನೂ ಹೇಳುತ್ತದೆ, ಅಂದರೆ ಅದೇ ಒಂದು ವಿಶ್ವಕೋಶ. ಶಿವಪ್ಪನ ಕೋಟೆಯ ಬಗ್ಗೆ ವಿಶ್ವಕೋಶದಲ್ಲಿ ಓದುವವರು ಅವನ ಮನೆಯಲ್ಲೇ ಒಂದು ವಿಶ್ವಕೋಶ ಹುಟ್ಟಿತ್ತು ಎಂಬುದನ್ನು ತಿಳಿದಿರಲಿ ಅಂತ ಹೇಳಿದೆ, ಅಷ್ಟೇ. ವಿಷಯಕ್ಕೆ ಬರುತ್ತೇನೆ. ಇವೆರಡರಲ್ಲೂ ವಂಶದ ಹಿರಿಯರ ಸಾಧನೆಯನ್ನು ವಂಶದವರೋ ಅವರ ಆಶ್ರಯದಲ್ಲಿದ್ದವರೋ ಹೇಳುತ್ತಿದ್ದಾರೆ. ಅದೂ ಶಿವಪ್ಪ ಹೋಗಿ ಅರ್ಧ ಶತಮಾನ, ಇನ್ನೂ ಜಾಸ್ತಿ ಆದ ಮೇಲೆ. ಹಾಗೆಂದು ತಳ್ಳಿಹಾಕಬೇಕಾಗಿಲ್ಲ. ಅವರ ಕೈಯಲ್ಲಿ ಅರಮನೆಯ ಕಡತಗಳಿದ್ದವು, ನಮ್ಮ ಕೈಯಲ್ಲಿ ಇಲ್ಲ. ಆದರೆ ‘ಕೆಳದಿಯ ಕಾವ್ಯದ ಪ್ರಕಾರ’ ಎಂದು ಹೇಳಿ ಕೊಡುವುದಕ್ಕೂ, ಬರಿದೇ ‘1650ರಲ್ಲಿ ಕಟ್ಟಿಸಿದ’ ಎನ್ನುವುದಕ್ಕೂ ವ್ಯತ್ಯಾಸ ಇದೆ.

ಮೂರನೆಯವರು ಹೊರಗಿನವರು. ಶಿವಪ್ಪನ ಕಾಲದಲ್ಲಿ ಈ ಕರಾವಳಿಯ ಒಂದೊಂದು ಬಂದರಿನ ಮೇಲೂ ಕಣ್ಣಿಟ್ಟಿದ್ದವರು ಪೋರ್ಚುಗೀಸರು. 1652ರಿಂದ 1654ರ ಒಳಗೆ ಹೊನ್ನಾವರ, ಬಸ್ರೂರು, ಮಂಗಳೂರು ಅವರ ಕೈಬಿಟ್ಟವು. ಕೈಬಿಡಿಸಿದವನು ಶಿವಪ್ಪನೇ. ಅದೇ ಹೊತ್ತಿಗೆ ಅವನು ದಕ್ಷಿಣಕ್ಕೆ ಸಮುದ್ರದ ಅಂಚಿನಲ್ಲಿ ದೊಡ್ಡ ಕೋಟೆ ಎಬ್ಬಿಸಿದ್ದರೆ ಶತ್ರುಗಳ ಕಾಗದಪತ್ರದಲ್ಲಿ ಅದರ ಸುದ್ದಿ ಇರಬೇಕು ಎಂದು ನಿರೀಕ್ಷಿಸುವುದು ತಪ್ಪಲ್ಲ. ಲೇಖನ ಬರೆದವರು ಆ ಕಡೆ ನೋಡಿದ್ದಾರಾ? ಉಲ್ಲೇಖಗಳ ಪಟ್ಟಿಯಲ್ಲಿ ಅಂಥದ್ದೇನಾದರೂ ಇದೆಯಾ? ಇಂಥ ಲೇಖನಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲ.

ನಾಲ್ಕನೆಯವರು ಬ್ರಿಟಿಷ್ ಅಧಿಕಾರಿಗಳು. 1887ರಲ್ಲಿ ಬಂದ ಲೋಗನ್ನನ ಮಲಬಾರ್ ಮ್ಯಾನ್ಯುಯಲ್, 1894-95ರಲ್ಲಿ ಎರಡು ಭಾಗಗಳಾಗಿ ಬಂದ ದಕ್ಷಿಣ ಕನ್ನಡ ಮ್ಯಾನ್ಯುಯಲ್, ಆಮೇಲಿನ ಗೆಜೆಟಿಯರ್‌ಗಳು, ಎಲ್ಲವೂ ಜಿಲ್ಲೆಯ ವಿವರ ಕೊಡುವ ಸರ್ಕಾರಿ ಪುಸ್ತಕಗಳು. ಇವರು ದಾಖಲೆ ನೋಡಿದರು ನಿಜ. ಆದರೆ ಊರವರು ಹೇಳಿದ್ದನ್ನೂ ಬರೆದುಕೊಂಡರು. ಎರಡನ್ನೂ ಒಂದೇ ದನಿಯಲ್ಲಿ ಬರೆದರು. ಅವರು ಬರೆದದ್ದು ಶಿವಪ್ಪ ಸತ್ತು ಇನ್ನೂರು ವರ್ಷ ಕಳೆದ ಮೇಲೆ. ಇಂದು ಅಂತರ್ಜಾಲದಲ್ಲಿ ಓಡಾಡುವ ಎಷ್ಟೋ ಸಾಲುಗಳ ಬೇರು ಈ ಪುಸ್ತಕಗಳಲ್ಲಿದೆ. ಅಲ್ಲಿಂದ ಪ್ರವಾಸಿ ಕೈಪಿಡಿಗೆ, ಕೈಪಿಡಿಯಿಂದ ಪತ್ರಿಕೆಗೆ, ಪತ್ರಿಕೆಯಿಂದ ವಿಕಿಪೀಡಿಯಕ್ಕೆ ಬಂದಿರುತ್ತವೆ. ಪ್ರತಿ ನಿಲ್ದಾಣದಲ್ಲೂ ಒಂದು ‘ಸುಮಾರು’, ಒಂದು ‘ಎನ್ನುತ್ತಾರೆ’ ಉದುರಿಹೋಗಿ, ಕೊನೆಗೆ ಗುಂಡಗಿನ ವರ್ಷ ಮಾತ್ರ ಉಳಿಯುತ್ತದೆ.

ಇಷ್ಟಾದ ಮೇಲೂ ನಾನು ‘1650 ತಪ್ಪು’ ಎಂದು ಹೇಳುತ್ತಿಲ್ಲ, ಗಮನಿಸಿ. ಕೆಳದಿಯವರು ಕಟ್ಟಿಸಿದ್ದು, ಶಿವಪ್ಪನ ಕಾಲದ ಆಸುಪಾಸು ಎಂಬುದು ಸಾಮಾನ್ಯವಾಗಿ ಎಲ್ಲರೂ ಒಪ್ಪುವ ಮಾತು. ಲೇಖನ ತನಗೆ ಗೊತ್ತಿರುವುದಕ್ಕಿಂತ ಜಾಸ್ತಿ ಖಚಿತವಾಗಿ ಮಾತಾಡುತ್ತಿದೆಯಾ ಎಂಬುದನ್ನು ನೀವು ಅಳೆಯಬೇಕು.

ಕಟ್ಟಿಸಿದವರು ಯಾರು ಎಂಬ ಪ್ರಶ್ನೆಗೆ ಇನ್ನೊಂದು ಮಗ್ಗುಲೂ ಇದೆ. ಒಂದು ನಕ್ಷೆ ತೆಗೆದು ಕಾಸರಗೋಡಿನ ಪಕ್ಕ ಹರಿಯುವ ಚಂದ್ರಗಿರಿ ಹೊಳೆಯನ್ನು ನೋಡಿ. ತುಳುನಾಡಿನ ತೆಂಕಣ ಗಡಿ ಅಂತ ಹಿಂದಿನಿಂದ ಹೇಳಿಕೊಂಡು ಬಂದದ್ದು ಈ ಹೊಳೆಯನ್ನು. ಬೇಕಲ ಇರುವುದು ಹೊಳೆಯ ಆಚೆ, ದಕ್ಷಿಣಕ್ಕೆ. ಆ ಕಡೆಯ ಅರಸರು ಕೋಲತ್ತಿರಿಗಳು. ಅಂದರೆ ಕೆಳದಿಯವರು ಗಡಿ ದಾಟಿ ಕೋಟೆ ಕಟ್ಟಿದರು. ಅದಕ್ಕೂ ಮೊದಲು ಅಲ್ಲಿ ಕೋಲತ್ತಿರಿಗಳದ್ದೋ ಅವರ ಸಾಮಂತರದ್ದೋ ಸಣ್ಣ ಕೋಟೆ ಇತ್ತು, ಕೆಳದಿಯವರು ಅದನ್ನೇ ದೊಡ್ಡದು ಮಾಡಿದರು ಎಂಬ ವಾದವೂ ಇದೆ. ಕನ್ನಡದಲ್ಲಿ ಓದಿದವರಿಗೆ ಮೊದಲನೆಯದು ಮಾತ್ರ ಗೊತ್ತಿರುತ್ತದೆ, ಮಲಯಾಳದಲ್ಲಿ ಓದಿದವರಿಗೆ ಎರಡನೆಯದೂ ಕಿವಿಗೆ ಬಿದ್ದಿರುತ್ತದೆ. ಲೇಖನ ಎರಡನ್ನೂ ಹೇಳಿ, ಯಾವುದಕ್ಕೆ ಎಷ್ಟು ಆಧಾರ ಎಂದು ತೂಗಿದೆಯಾ? ಅಥವಾ ಒಂದನ್ನೇ ಹೇಳಿ ಮುಗಿಸಿದೆಯಾ? ಮಲಯಾಳ ಓದಲು ಬರುವ ಸಹಪಾಠಿ ಇದ್ದರೆ ಆ ಭಾಷೆಯ ಲೇಖನವನ್ನೂ ಜೊತೆಯಲ್ಲಿ ಕೂತು ಓದಿ. ಒಂದೇ ಕೋಟೆ, ಮೂರು ಭಾಷೆಯಲ್ಲಿ ಎಷ್ಟು ಬೇರೆ ಬೇರೆ ಜಾಗದಿಂದ ಶುರುವಾಗುತ್ತದೆ ಎಂದು ನೋಡಿದರೆ ನಿಮ್ಮ ವರದಿಯ ಅತಿ ಒಳ್ಳೆಯ ಭಾಗ ಅಲ್ಲೇ ಸಿಗಬಹುದು.

ಲೇಖನದ ಬಲಗಡೆ ಇರುವ ಮಾಹಿತಿ ಚೌಕ ಈ ಸಮಸ್ಯೆಯನ್ನು ಇನ್ನೂ ಹೆಚ್ಚಿಸುತ್ತದೆ. ‘ಕಟ್ಟಿಸಿದವರು’ ಎಂಬಲ್ಲಿ ಒಂದು ಹೆಸರು, ‘ಕಟ್ಟಿದ ವರ್ಷ’ ಎಂಬಲ್ಲಿ ಒಂದು ಅಂಕಿ. ಕಚೇರಿಯ ಅರ್ಜಿ ನಮೂನೆಯಲ್ಲಿ ಖಾನೆ ಇದೆ ಅಂತ ಏನಾದರೂ ತುಂಬಿಸುತ್ತೇವಲ್ಲ, ಹಾಗೆ. ಆದರೆ ಕೆಂಪು ಮುರಕಲ್ಲಿನ ಕೋಟೆ ಒಂದೇ ವರ್ಷದಲ್ಲಿ, ಒಬ್ಬನೇ ರಾಜನ ಕೈಯಲ್ಲಿ ಮುಗಿಯುವುದಿಲ್ಲ. ಕರಾವಳಿಯ ಮಳೆಗೆ ಅದಕ್ಕೆ ಮತ್ತೆ ಮತ್ತೆ ರಿಪೇರಿ ಬೇಕು. ತೋಪು ದೊಡ್ಡದಾದ ಹಾಗೆ ಬುರುಜು ಬದಲಾಗಬೇಕು. ಕೈಬದಲಾದಾಗ ಹೊಸಬರು ತಮಗೆ ಬೇಕಾದ್ದು ಸೇರಿಸುತ್ತಾರೆ. ಇಂದು ನಾವು ನೋಡುವ ಬೇಕಲದಲ್ಲಿ ನಾಯಕರ ಕಾಲದ್ದು, ಮೈಸೂರಿನವರ ಕಾಲದ್ದು, ಬ್ರಿಟಿಷರ ಕಾಲದ್ದು, ಕೊನೆಗೆ ಪುರಾತತ್ವ ಇಲಾಖೆ ಸರಿಪಡಿಸಿದ್ದು ಎಲ್ಲಾ ಒಂದರ ಮೇಲೊಂದು ಕೂತಿವೆ. ‘ಈಗ ಕಾಣುವ ಯಾವ ಭಾಗ ಯಾವ ಕಾಲದ್ದು’ ಎಂಬುದಕ್ಕೆ ಲೇಖನ ಉತ್ತರ ಕೊಡದಿದ್ದರೆ ಅದು ದೊಡ್ಡ ಕೊರತೆ. ಹತ್ತು ಅಕ್ಷರ ತಪ್ಪುಗಳಿಗಿಂತ ದೊಡ್ಡದು.

ಈ ಕಾಯಿಲೆ ಬೇಕಲಕ್ಕೆ ಮಾತ್ರ ಅಲ್ಲ. ಕುಮಟಾ ಹತ್ತಿರದ ಮಿರ್ಜಾನ್ ಕೋಟೆಯ ಬಗ್ಗೆ ಓದಿ ನೋಡಿ. ಒಂದು ಕಡೆ ಗೇರುಸೊಪ್ಪೆಯ ಚೆನ್ನಭೈರಾದೇವಿ ಕಟ್ಟಿಸಿದಳು ಎನ್ನುತ್ತಾರೆ, ಇನ್ನೊಂದು ಕಡೆ ಬಿಜಾಪುರದ ಆದಿಲ್‌ಶಾಹಿ ಅಧಿಕಾರಿಯ ಹೆಸರು ಬರುತ್ತದೆ. ರಾಣಿಯ ಕಥೆ ಹೇಳಲು ಚೆನ್ನಾಗಿದೆ, ಅವಳಿಗೆ ‘ಕಾಳುಮೆಣಸಿನ ರಾಣಿ’ ಎಂಬ ಹೆಸರೂ ಇದೆ, ಹಾಗಾಗಿ ಚೌಕದೊಳಗೆ ಅವಳೇ ಗೆಲ್ಲುತ್ತಾಳೆ. ಗೆಲ್ಲಬೇಕಾದದ್ದು ಆಧಾರ.

ಈಗ ನಿಮ್ಮ ಟಿಪ್ಪಣಿಯ ಇನ್ನೊಂದು ಸಾಲು: ‘ಆಡಳಿತ ಕೇಂದ್ರ ಆಗಿರಲಿಲ್ಲ, ಒಳಗೆ ಅರಮನೆ ಇಲ್ಲ.’ ನನಗೆ ಅತಿ ಆಸಕ್ತಿ ಹುಟ್ಟಿಸಿದ್ದು ಇದೇ. ‘ಇದೆ’ ಎಂದು ಹೇಳುವುದು ಸುಲಭ, ತೋರಿಸಿದರೆ ಆಯಿತು. ‘ಇರಲಿಲ್ಲ’ ಎಂದು ಹೇಳಬೇಕಾದರೆ ಎಲ್ಲಾ ಕಡೆ ಹುಡುಕಿರಬೇಕು. ಈ ಮಾತು ಬಹುಶಃ ನೆಲದ ಮೇಲೆ ಕಣ್ಣಿಗೆ ಕಾಣುವುದನ್ನು ನೋಡಿ ಯಾರೋ ಬರೆದದ್ದು. ನೆಲದ ಕೆಳಗೆ ಬೇರೆ ಕಥೆ ಇತ್ತು. ಪುರಾತತ್ವ ಇಲಾಖೆ ಕೋಟೆಯೊಳಗೆ ಅಗೆದಾಗ ಹಳೆಯ ಕಟ್ಟಡಗಳ ತಳಪಾಯಗಳು ಹೊರಬಂದಿವೆ. ಉತ್ಖನನಕ್ಕೆ ಮೊದಲು ಬರೆದ ಪುಸ್ತಕವನ್ನು ಆಧಾರ ಮಾಡಿಕೊಂಡು ‘ಒಳಗೆ ಏನೂ ಇಲ್ಲ’ ಎಂದರೆ ಅದು ಹಳಸಿದ ಮಾಹಿತಿ. ಕೆಲವು ಲೇಖನಗಳಲ್ಲಿ ಇನ್ನೂ ತಮಾಷೆ ಇರುತ್ತದೆ. ಮೇಲಿನ ಪ್ಯಾರಾದಲ್ಲಿ ಅರಮನೆ ಇಲ್ಲ ಎಂದಿರುತ್ತದೆ, ಕೆಳಗಿನ ಪ್ಯಾರಾದಲ್ಲಿ ಉತ್ಖನನದಲ್ಲಿ ಕಟ್ಟಡ ಸಿಕ್ಕಿತು ಎಂದಿರುತ್ತದೆ. ಎರಡನ್ನೂ ಬೇರೆ ಬೇರೆ ಜನ, ಬೇರೆ ಬೇರೆ ವರ್ಷ ಸೇರಿಸಿರುತ್ತಾರೆ, ಇಡೀ ಲೇಖನವನ್ನು ಒಮ್ಮೆ ಕೂತು ಓದಿದವರು ಯಾರೂ ಇರುವುದಿಲ್ಲ. ‘ಇತಿಹಾಸ’ ಪುಟದಲ್ಲಿ ಹುಡುಕಿದರೆ ಯಾವ ಸಾಲು ಯಾವಾಗ ಬಂತು ಎಂದು ಹಿಡಿಯಬಹುದು. ಹಿಡಿದರೆ ವರದಿಯಲ್ಲಿ ತಪ್ಪದೆ ಹಾಕಿ.

‘ಆಡಳಿತ ಕೇಂದ್ರ ಅಲ್ಲ’ ಎಂಬ ಮಾತಿನ ವಿಷಯದಲ್ಲೂ ಕಾಲ ಕೇಳಬೇಕು. ಯಾವ ಕಾಲದಲ್ಲಿ ಅಲ್ಲ? ಬ್ರಿಟಿಷರ ಆಳ್ವಿಕೆಯಲ್ಲಿ ಬೇಕಲದ ಹೆಸರಿನಲ್ಲೇ ಒಂದು ತಾಲೂಕು ಇತ್ತು. ಆಮೇಲೆ ಅದು ಕಾಸರಗೋಡು ತಾಲೂಕಾಯಿತು.

ಉಲ್ಲೇಖಗಳ ವಿಷಯಕ್ಕೆ ಬರೋಣ. ‘ಕೆಳಗೆ ಉಲ್ಲೇಖಗಳೂ ಇವೆ’ ಎಂದು ನೀವು ಸಮಾಧಾನ ಪಟ್ಟುಕೊಂಡಿದ್ದೀರಿ. ಎಷ್ಟಿವೆ ಎಂದು ಎಣಿಸುವುದರಿಂದ ಏನೂ ತಿಳಿಯುವುದಿಲ್ಲ. ಒಂದೊಂದನ್ನೂ ತೆರೆದು, ಲೇಖನದ ಆ ಸಾಲು ಅಲ್ಲಿ ನಿಜವಾಗಿಯೂ ಇದೆಯಾ ಅಂತ ನೋಡಬೇಕು. ಕೊಂಡಿ ಸತ್ತಿರಬಹುದು. ತೆರೆದರೂ ಹೋಟೆಲ್ ಬುಕಿಂಗ್ ಪುಟ ಬರಬಹುದು. ಪುಸ್ತಕದ ಹೆಸರಿದ್ದು ಪುಟ ಸಂಖ್ಯೆ ಇಲ್ಲದಿರಬಹುದು, ಅದು ಇಲ್ಲದ ಹಾಗೆಯೇ. ಇನ್ನು ಉಲ್ಲೇಖ ಪ್ಯಾರಾದ ಕೊನೆಯಲ್ಲಿ ಒಂದೇ ಇದ್ದರೆ, ಅದು ಇಡೀ ಪ್ಯಾರಾಕ್ಕೋ ಕೊನೆಯ ಸಾಲಿಗೆ ಮಾತ್ರವೋ ಎಂಬುದೂ ಗೊತ್ತಾಗುವುದಿಲ್ಲ.

ಎಲ್ಲಕ್ಕಿಂತ ಮೋಸಗೊಳಿಸುವುದು ಸುತ್ತುಬಳಸಿ ಬರುವ ಆಧಾರ. ವಿಕಿಪೀಡಿಯದಲ್ಲಿ ಯಾರೋ ಆಧಾರವಿಲ್ಲದ ಸಾಲು ಸೇರಿಸುತ್ತಾರೆ. ಭಾನುವಾರದ ಪುರವಣಿಗೆ ಬರೆಯುವವರು ಅದನ್ನು ಎತ್ತಿಕೊಳ್ಳುತ್ತಾರೆ. ಒಂದೆರಡು ವರ್ಷದ ಮೇಲೆ ಇನ್ನೊಬ್ಬ ಸಂಪಾದಕ ಬಂದು, ಆ ಸಾಲಿಗೆ ಅದೇ ಪುರವಣಿಯನ್ನು ಆಧಾರವಾಗಿ ಕೊಡುತ್ತಾನೆ. ನೋಡಲು ಅಚ್ಚುಕಟ್ಟು, ಒಳಗೆ ಟೊಳ್ಳು. ಇದನ್ನು ಹಿಡಿಯುವುದು ಕಷ್ಟವೇನಲ್ಲ. ಅನುಮಾನ ಬಂದ ಸಾಲನ್ನು ಉದ್ಧರಣ ಚಿಹ್ನೆಯೊಳಗೆ ಹಾಕಿ ಹುಡುಕಿ. ಸಿಕ್ಕ ಪುಟಗಳ ದಿನಾಂಕ ನೋಡಿ. ಲೇಖನದ ಇತಿಹಾಸದಲ್ಲಿ ಆ ಸಾಲು ಬಂದ ದಿನಾಂಕವನ್ನು ಪಕ್ಕದಲ್ಲಿಡಿ. ಪುಟ ಅಳಿಸಿಹೋಗಿದ್ದರೆ, ಅಂತರ್ಜಾಲದ ಹಳೆಯ ಪುಟಗಳನ್ನು ಉಳಿಸಿಡುವ ವೇಬ್ಯಾಕ್ ಮೆಷಿನ್ ಎಂಬ ತಾಣದಲ್ಲಿ ಹಳೆಯ ಪ್ರತಿ ಸಿಗಬಹುದು. ಯಾರು ಯಾರಿಂದ ನಕಲು ಮಾಡಿದರು ಎಂದು ತಾನಾಗಿಯೇ ಗೊತ್ತಾಗುತ್ತದೆ. ನಕಲು ಎಷ್ಟೋ ಸಲ ಪ್ರವಾಸೋದ್ಯಮದ ಪುಟದಿಂದ ಲೇಖನಕ್ಕೆ ಬಂದಿರುತ್ತದೆ. ಬೇಕಲದಲ್ಲಿ ಇದಕ್ಕೆ ಕಾರಣವೂ ಇದೆ. 1992ರಲ್ಲಿ ಇದನ್ನು ವಿಶೇಷ ಪ್ರವಾಸೋದ್ಯಮ ಪ್ರದೇಶ ಎಂದು ಘೋಷಿಸಿದರು, 1995ರಲ್ಲಿ ಕೇರಳ ಸರ್ಕಾರ ಅದಕ್ಕೆಂದೇ ಒಂದು ನಿಗಮ ಮಾಡಿತು. ಅಲ್ಲಿಂದ ಮುಂದೆ ಬೇಕಲದ ಬಗ್ಗೆ ಬಂದ ಬರಹದಲ್ಲಿ ಇತಿಹಾಸಕ್ಕಿಂತ ಸೂರ್ಯಾಸ್ತವೇ ಜಾಸ್ತಿ. ‘ನಯನಮನೋಹರ’, ‘ಭವ್ಯ ಇತಿಹಾಸದ ಮೂಕಸಾಕ್ಷಿ’ ಎಂಬಂಥ ಪದಗಳು ಲೇಖನದಲ್ಲಿ ಕಂಡರೆ ಅವು ಕೈಪಿಡಿಯಿಂದ ನಡೆದುಬಂದವು ಎಂದು ಧಾರಾಳವಾಗಿ ಅನುಮಾನಿಸಿ.

ಅಂಕಿಗಳನ್ನು ಬೇಗ ಮುಗಿಸಬಹುದು. 40 ಎಕರೆ ಎಂದರೆ ಸುಮಾರು 16 ಹೆಕ್ಟೇರ್. ಎಲ್ಲಾದರೂ 40 ಹೆಕ್ಟೇರ್ ಎಂದಿದ್ದರೆ ಯಾರೋ ಅಳತೆಯ ಹೆಸರು ಬದಲಿಸಿ ಅಂಕಿ ಬದಲಿಸಲು ಮರೆತಿದ್ದಾರೆ. ‘ಕೇರಳದ ಅತಿ ದೊಡ್ಡ ಕೋಟೆ’ ಎಂದು ಎಲ್ಲರೂ ಹೇಳುತ್ತಾರೆ, ಅದಕ್ಕೂ ಆಧಾರ ಕೇಳಿ. ‘ದಕ್ಷಿಣ ಭಾರತದ ಅತಿ ದೊಡ್ಡ’ ಎಂದು ಯಾರಾದರೂ ಎಳೆದಿದ್ದರೆ ಚಿತ್ರದುರ್ಗವನ್ನೋ ಗೋಲ್ಕೊಂಡವನ್ನೋ ನೆನಪಿಸಿದರೆ ಸಾಕು.

ಫೋಟೋಗಳನ್ನೂ ನೋಡಿ, ಯಾಕೆಂದರೆ ನಮ್ಮ ಕರಾವಳಿಯಲ್ಲಿ ಹೆಸರಿನ ಗೊಂದಲ ಬೇಕಾದಷ್ಟಿದೆ. ಕಾಸರಗೋಡಿನ ಚಂದ್ರಗಿರಿಯಲ್ಲಿ ಒಂದು ಕೋಟೆ, ಆಂಧ್ರದ ಚಂದ್ರಗಿರಿಯಲ್ಲಿ ವಿಜಯನಗರದ ಅರಸರಿದ್ದ ಇನ್ನೊಂದು ಕೋಟೆ. ಮಂಗಳೂರಿನ ಸುಲ್ತಾನ್ ಬತ್ತೇರಿ ಟಿಪ್ಪುವಿನ ಕಾವಲು ಬುರುಜು, ವಯನಾಡಿನ ಸುಲ್ತಾನ್ ಬತ್ತೇರಿ ಒಂದು ಊರು. ಅಲ್ಲಿ ಟಿಪ್ಪುವಿನ ಸೈನ್ಯ ಮದ್ದುಗುಂಡು ಇಟ್ಟದ್ದು ಹಳೆಯ ಜೈನ ಬಸದಿಯಲ್ಲಿ. ಒಂದರ ಫೋಟೋ ಇನ್ನೊಂದರ ಲೇಖನಕ್ಕೆ ಹಾರಿಬರಲು ಹೆಚ್ಚು ಹೊತ್ತು ಬೇಡ. ಫೋಟೋ ಒತ್ತಿದರೆ ತೆಗೆದವರು ಎಲ್ಲಿ, ಯಾವಾಗ ತೆಗೆದರು ಎಂಬ ವಿವರ ಸಾಮಾನ್ಯವಾಗಿ ಸಿಗುತ್ತದೆ.

ಲೇಖನದಲ್ಲಿ ಏನಿದೆ ಎಂಬುದರ ಬಗ್ಗೆ ಇಷ್ಟು ಸಾಕು. ಏನಿಲ್ಲ ಎಂಬುದನ್ನು ವಿದ್ಯಾರ್ಥಿಗಳು ಬರೆಯುವುದೇ ಇಲ್ಲ, ನೀವು ಬರೆಯಿರಿ. ‘ನಂತರ ಹೈದರ್, ಟಿಪ್ಪು, ಬ್ರಿಟಿಷರು’ ಎಂದು ನೀವು ಒಂದೇ ಉಸಿರಿನಲ್ಲಿ ಮುಗಿಸಿದ್ದೀರಿ. ಲೇಖನವೂ ಹಾಗೇ ಮುಗಿಸಿದ್ದರೆ ನಡುವೆ ಎಷ್ಟು ಬಿದ್ದುಹೋಗಿದೆ ನೋಡಿ. 1730ರ ದಶಕದಲ್ಲಿ ಕೆಳದಿ ಅರಸರ ರಾಜಧಾನಿ ಬಿದನೂರಿನ ಸೈನ್ಯ ಇದೇ ದಾರಿಯಲ್ಲಿ ದಕ್ಷಿಣಕ್ಕೆ ನುಗ್ಗಿ ಕೋಲತ್ತಿರಿಗಳ ಜೊತೆ ಕಾದಾಡಿತು. ತಲಶ್ಶೇರಿಯಲ್ಲಿ ಮೆಣಸಿನ ವ್ಯಾಪಾರಕ್ಕೆ ಕೂತಿದ್ದ ಇಂಗ್ಲಿಷ್ ಕಂಪನಿಗೆ ಅದು ತಲೆನೋವಾಯಿತು. 1763ರಲ್ಲಿ ಹೈದರ್ ಬಿದನೂರನ್ನು ಹಿಡಿದ. ಅದರೊಂದಿಗೆ ಕೆಳದಿಯ ಕರಾವಳಿ ಮೈಸೂರಿಗೆ ಬಂತು. 1766ರಲ್ಲಿ ಅವನು ಮಲಬಾರಿಗೆ ಇಳಿದಾಗ ಈ ಕರಾವಳಿ ಅವನ ದಾರಿ. 1799ರಲ್ಲಿ ಟಿಪ್ಪು ಸತ್ತ ಮೇಲೆ ಕಂಪನಿಯ ಕೈಗೆ. 1801ರ ಆರಂಭದಲ್ಲಿ ಫ್ರಾನ್ಸಿಸ್ ಬುಕಾನನ್ ಮಲಬಾರ್ ಕಡೆಯಿಂದ ಉತ್ತರಕ್ಕೆ ಬರುತ್ತಾ ಈ ಪ್ರದೇಶವನ್ನು ನೋಡಿ ಬರೆದಿಟ್ಟ, ಅವನ ಪ್ರವಾಸ ಕಥನ 1807ರಲ್ಲಿ ಅಚ್ಚಾಯಿತು. ಟಿಪ್ಪು ಹೋಗಿ ಎರಡು ವರ್ಷವೂ ಆಗಿರಲಿಲ್ಲ. ಕಣ್ಣಾರೆ ನೋಡಿದವನ ಮಾತು ಅಂತರ್ಜಾಲದಲ್ಲೇ ಉಚಿತವಾಗಿ ಸಿಗುವಾಗ, ಲೇಖನ ಅದನ್ನು ಬಿಟ್ಟು ಹೋಟೆಲಿನ ಪುಟವನ್ನು ಆಧಾರ ಕೊಟ್ಟಿದ್ದರೆ ಅದು ಬರೆಯಬೇಕಾದ ಕೊರತೆ. ಬುಕಾನನ್ ಕಂಪನಿಯ ಕೆಲಸಕ್ಕೆ ಬಂದವನು, ಅವನ ಕಣ್ಣು ಬೆಳೆ, ಕಂದಾಯ, ವ್ಯಾಪಾರದ ಮೇಲೆ. ಅದನ್ನು ನೆನಪಿಟ್ಟುಕೊಂಡೇ ಓದಬೇಕು.

ವಿಳಾಸದ ವಿಷಯವೂ ಇದೆ. 1956ರ ನವೆಂಬರ್ 1ಕ್ಕೆ ಮೊದಲು ಬೇಕಲ ಇದ್ದದ್ದು ಮದ್ರಾಸಿಗೆ ಸೇರಿದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ. ಆಮೇಲೆ ಕೇರಳದ ಕಣ್ಣೂರು ಜಿಲ್ಲೆ. 1984ರಲ್ಲಿ ಕಾಸರಗೋಡು ಜಿಲ್ಲೆ ಆಯಿತು. ಹಳೆಯ ಪುಸ್ತಕದಲ್ಲಿ ‘ಕಣ್ಣೂರು ಜಿಲ್ಲೆಯ ಬೇಕಲ’ ಎಂದಿದ್ದರೆ ಅದು ತಪ್ಪಲ್ಲ, ಪುಸ್ತಕದ ವಯಸ್ಸು. ಲೇಖನ ಬರೆದವರಿಗೆ ಇದು ತಿಳಿಯದಿದ್ದರೆ ಕಣ್ಣೂರಿನ ಬೇರೆ ಕೋಟೆಯ ವಿಷಯ ಇಲ್ಲಿಗೆ ಸೇರಿಬಿಡುವ ಅಪಾಯ ಇದೆ.

ಇನ್ನು ಜನ. ಕೋಟೆಯ ಲೇಖನದಲ್ಲಿ ರಾಜರೇ ತುಂಬಿರುತ್ತಾರೆ. ಕಲ್ಲು ಕಡಿದವರು, ಕಾವಲು ಕಾದವರು, ಗೋಡೆಯ ಬುಡದಲ್ಲಿ ದೋಣಿ ಎಳೆದವರು ಎಲ್ಲಿ? ಕೆಳದಿಯ ಕಾಲದಲ್ಲಿ ಕೋಟೆ ಕಾಯಲು ಬಂದು ನೆಲೆಸಿದವರು ನಾವು ಎಂದು ಹೇಳಿಕೊಳ್ಳುವ ರಾಮಕ್ಷತ್ರಿಯ ಮನೆತನಗಳು ಆ ಕಡೆ ಇವೆ. ಕೋಟೆಯ ಬಾಗಿಲಲ್ಲಿ ಆಂಜನೇಯನ ಗುಡಿ, ಹತ್ತಿರದಲ್ಲಿ ಟಿಪ್ಪು ಕಟ್ಟಿಸಿದ್ದು ಎನ್ನುವ ಮಸೀದಿ. ಇಂಥ ನೆನಪುಗಳು ಬಹಳಷ್ಟು ಬಾಯಿಮಾತಿನಲ್ಲಿವೆ. ಇಲ್ಲಿ ವಿಕಿಪೀಡಿಯದ ನಿಯಮವೇ ಅಡ್ಡ ಬರುತ್ತದೆ. ಪ್ರಕಟವಾದ, ಬೇರೆಯವರು ಪರೀಕ್ಷಿಸಬಹುದಾದ ಆಧಾರ ಇಲ್ಲದೆ ಏನನ್ನೂ ಸೇರಿಸುವಂತಿಲ್ಲ, ಸ್ವಂತ ಸಂಶೋಧನೆಗೆ ಜಾಗವಿಲ್ಲ. ನಿಯಮ ಒಳ್ಳೆಯದೇ, ಇಲ್ಲದಿದ್ದರೆ ಯಾರು ಏನು ಬೇಕಾದರೂ ಬರೆದಾರು. ಆದರೆ ಅದರ ಬೆಲೆ ತೆರುವವರು ಯಾವಾಗಲೂ ತಮ್ಮ ಹಿಂದೆ ಬರವಣಿಗೆ ಉಳಿಸಿಹೋಗದವರು. ನಿಮ್ಮ ವರದಿ ವಿಕಿಪೀಡಿಯ ಅಲ್ಲವಲ್ಲ, ಹಾಗಾಗಿ ಈ ಕೊರತೆಯನ್ನು ನೀವು ಹೇಳಬಹುದು, ಹೇಳಬೇಕು.

‘ಚರ್ಚೆ’ ಪುಟವನ್ನು ತೆರೆದು ನೋಡದೆ ವರದಿ ಮುಗಿಸಬೇಡಿ. ಇಂಗ್ಲಿಷ್ ಆವೃತ್ತಿಯಲ್ಲಿ ಆ ಪುಟದ ಮೇಲೆ ಲೇಖನದ ದರ್ಜೆ ಹಾಕಿರುತ್ತಾರೆ: ಚುಟುಕು, ಆರಂಭಿಕ, ಸಿ, ಬಿ, ಹೀಗೆ. ಅದನ್ನು ಪ್ರಮಾಣಪತ್ರ ಎಂದು ತಿಳಿಯಬೇಡಿ. ಎಷ್ಟೋ ವರ್ಷದ ಹಿಂದೆ, ಲೇಖನ ಅರ್ಧ ಪುಟ ಇದ್ದಾಗ ಯಾರೋ ಹಾಕಿದ್ದಿರಬಹುದು. ಅದಕ್ಕಿಂತ ಕೆಳಗೆ ನಡೆದ ಜಗಳಗಳು ಉಪಯುಕ್ತ. ಕೆಳದಿಯೋ ಕೋಲತ್ತಿರಿಯೋ, ಕಾಸರಗೋಡು ಯಾರದ್ದು, ಟಿಪ್ಪು ಒಳ್ಳೆಯವನೋ ಕೆಟ್ಟವನೋ, ಇಂಥ ವಿಷಯದಲ್ಲಿ ಒಬ್ಬರು ಬರೆದದ್ದನ್ನು ಇನ್ನೊಬ್ಬರು ಅಳಿಸುವುದು ನಡೆಯುತ್ತಲೇ ಇರುತ್ತದೆ. ಇತಿಹಾಸ ಪುಟದಲ್ಲಿ ಒಂದೇ ಪ್ಯಾರಾ ಬಂದು ಹೋಗಿ ಬಂದು ಹೋಗಿ ಮಾಡಿದ್ದರೆ ಅಲ್ಲೊಂದು ನಿಜವಾದ ಭಿನ್ನಾಭಿಪ್ರಾಯ ಇದೆ ಎಂದರ್ಥ. ಚರ್ಚೆ ಪುಟ ಖಾಲಿ ಇದ್ದರೆ ಎಲ್ಲರೂ ಒಪ್ಪಿದ್ದಾರೆ ಎಂದಲ್ಲ, ಯಾರೂ ಸರಿಯಾಗಿ ಓದಿಲ್ಲ ಎಂದೂ ಆಗಿರಬಹುದು.

ಕನ್ನಡದ ಲೇಖನವನ್ನು ಇಂಗ್ಲಿಷಿನದರ ನೆರಳು ಎಂದು ನೋಡದೆ ಬೇರೆಯಾಗಿಯೇ ಅಳೆಯಿರಿ. ನಮ್ಮಲ್ಲಿ ಎಷ್ಟೋ ಲೇಖನಗಳು ಅನುವಾದದಿಂದ ಬಂದವು. 2010ರ ಆಸುಪಾಸಿನಲ್ಲಿ ಗೂಗಲ್ ತನ್ನ ಅನುವಾದ ಯೋಜನೆಯಡಿ ದೊಡ್ಡ ದೊಡ್ಡ ಇಂಗ್ಲಿಷ್ ಲೇಖನಗಳನ್ನು ಕನ್ನಡಕ್ಕೆ ತರಿಸಿತ್ತು, ಅವುಗಳ ಭಾಷೆಯನ್ನು ಸರಿಪಡಿಸುವ ಕೆಲಸ ಸಮುದಾಯಕ್ಕೆ ಬಿತ್ತು. ಅನುವಾದದಲ್ಲಿ ಇಂಗ್ಲಿಷಿನ ತಪ್ಪೂ ಜೊತೆಗೇ ಬರುತ್ತದೆ. ಮೂಲದಲ್ಲಿ ಆಮೇಲೆ ತಿದ್ದಿದರೂ ಇಲ್ಲಿ ಹಾಗೇ ಉಳಿಯುತ್ತದೆ. ನನಗೆ ಬೇಸರ ತರುವುದು ಬೇರೆ. ಕೆಳದಿಯ ಬಗ್ಗೆ ಕನ್ನಡದಲ್ಲಿ ಇಷ್ಟೊಂದು ಆಕರ ಇದ್ದೂ, ಕನ್ನಡದ ಲೇಖನದ ಉಲ್ಲೇಖಗಳಲ್ಲಿ ಎಷ್ಟೋ ಸಲ ಕನ್ನಡ ಪುಸ್ತಕ ಒಂದೂ ಇಲ್ಲದಿರುವುದು. ನೀವು ನೋಡಿದ ಆವೃತ್ತಿಯಲ್ಲಿ ಎಷ್ಟಿವೆ ಎಂದು ನೋಡಿ ಬರೆಯಿರಿ.

ವರದಿಯನ್ನು ಹೇಗೆ ಕಟ್ಟುವುದು ಎಂದರೆ, ಇಡೀ ಲೇಖನದ ಮೇಲೆ ಓಡಬೇಡಿ. ಮೂರೇ ಸಾಲು ಆರಿಸಿಕೊಳ್ಳಿ. ನನ್ನನ್ನು ಕೇಳಿದರೆ ಒಂದು 1650ರದ್ದು, ಒಂದು ಅರಮನೆಯದ್ದು, ಒಂದು ಟಿಪ್ಪುವಿನ ಕಾಲದ್ದು. ಪ್ರತಿಯೊಂದರ ಆಧಾರ ತೆರೆದು, ಅದರ ಹಿಂದಿನ ಆಧಾರ ಹುಡುಕಿ, ಎಲ್ಲಿ ದಾರಿ ಕಡಿಯಿತು ಎಂದು ಬರೆಯಿರಿ. ದಾರಿ ಕಡಿದದ್ದೂ ಒಂದು ಫಲಿತಾಂಶವೇ. ಆಮೇಲೆ ಅರ್ಧ ಪುಟ ಬಿಟ್ಟುಹೋದದ್ದರ ಬಗ್ಗೆ, ನಾಲ್ಕು ಸಾಲು ಭಾಷೆ ಮತ್ತು ಫೋಟೋಗಳ ಬಗ್ಗೆ. ‘ಒಟ್ಟಿನಲ್ಲಿ ಲೇಖನ ಉಪಯುಕ್ತವಾಗಿದೆ’ ಎಂದು ಕೊನೆಯಲ್ಲಿ ಬರೆಯುವ ಆಸೆ ಆಗುತ್ತದೆ. ಯಾರಿಗೆ, ಯಾವುದಕ್ಕೆ ಉಪಯುಕ್ತ ಎಂದು ಸೇರಿಸಲು ಆಗದಿದ್ದರೆ ಬಿಟ್ಟುಬಿಡಿ.

ನೀವೇ ತಿದ್ದಬಹುದೇ ಎಂದು ಕೇಳಿದ್ದೀರಿ. ಖಂಡಿತ, ಯಾರು ಬೇಕಾದರೂ ತಿದ್ದಬಹುದು. ಆದರೆ ಮೊದಲ ದಿನವೇ ‘1650’ ಅಳಿಸಲು ಹೋಗಬೇಡಿ, ಸಂಜೆಯೊಳಗೆ ಯಾರೋ ವಾಪಸ್ ಹಾಕಿರುತ್ತಾರೆ. ಖಾತೆ ತೆರೆದು ಸಣ್ಣದರಿಂದ ಶುರು ಮಾಡಿ: ಸತ್ತ ಕೊಂಡಿ ಬದಲಿಸುವುದು, ಹೆಕ್ಟೇರ್-ಎಕರೆ ಸರಿಮಾಡುವುದು, ಬುಕಾನನ್‌ನ ಪುಟ ಸಂಖ್ಯೆ ಕೊಡುವುದು. ವರ್ಷದ ವಿಷಯ ಬಂದಾಗ ಅಳಿಸುವ ಬದಲು ‘ಸುಮಾರು’ ಸೇರಿಸಿ, ಯಾವ ಆಕರ ಏನು ಹೇಳುತ್ತದೆ ಎಂದು ಒಂದು ಸಾಲು ಬರೆಯಿರಿ. ಜೊತೆಗೆ ಚರ್ಚೆ ಪುಟದಲ್ಲಿ ಕಾರಣ ಹೇಳಿ. ನೀವು ಕೋಟೆಗೆ ಹೋಗಿ ಕಣ್ಣಾರೆ ನೋಡಿದ್ದು ಆಧಾರವಾಗುವುದಿಲ್ಲ, ನೀವೇ ತೆಗೆದ ಒಳ್ಳೆಯ ಫೋಟೋ ಮಾತ್ರ ಧಾರಾಳವಾಗಿ ಸೇರಿಸಬಹುದು. ಉತ್ತರ ಬಾರದಿದ್ದರೆ ಕನ್ನಡ ವಿಕಿಪೀಡಿಯದ ಸಂಪಾದಕರು ಸೇರಿ ಮಾತಾಡುವ ‘ಅರಳಿ ಕಟ್ಟೆ’ ಪುಟದಲ್ಲಿ ಕೇಳಿ, ಹಳಬರು ಯಾರಾದರೂ ಬಂದು ಮಾತಾಡುತ್ತಾರೆ. ವರದಿ ಒಪ್ಪಿಸುವ ದಿನಕ್ಕೆ ಮೊದಲು ತಿದ್ದಿದರೆ, ತಿದ್ದುವ ಮುಂಚಿನ ಆವೃತ್ತಿಯ ಕೊಂಡಿಯನ್ನೂ ನಂತರದ್ದರ ಕೊಂಡಿಯನ್ನೂ ಎರಡನ್ನೂ ಕೊಡಿ. ನಿಮ್ಮ ಅಧ್ಯಾಪಕರು ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಬಹುದು.